ಕಬೂಸ್ ನಾನೂರ ಹದಿನೇಳರ ತಪ್ಪುಗಳು

ಕೋಲ್ಟನ್ ಫೆರಿ, ಪೆನ್ಸಿಲ್ವೇನಿಯಾ
೧೪ ಮೇ ೧೯೯೧

ಎಮ್ಲಿನ್ ಪ್ರೋಸರ್‌ಗೆ,

ನಾನು ಕ್ಷೇಮ. ನೀನೂ ಕ್ಷೇಮವಾಗಿಯೇ ಇರಬೇಕು. ಇಲ್ಲದಿದ್ದರೆ ಸೇತುವೆ ದಾಟಿ ಸುದ್ದಿ ಬರುತ್ತಿತ್ತು. ನಿನ್ನ ಪೆಟ್ಟಿಗೆ ಬಂದು ಆರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುವುದು ಮರ್ಯಾದೆ, ಕೇಳಿದ್ದೇನೆಂದು ತಿಳಿದುಕೋ. ನಿಜ ಹೇಳಬೇಕೆಂದರೆ ಮೊದಲ ಮೂರು ವಾರ ಅದನ್ನು ಬಿಚ್ಚದೆ ನೆಲಮಾಳಿಗೆಯ ಮೆಟ್ಟಿಲ ಕೆಳಗೆ ತಳ್ಳಿದ್ದೆ. ಮೇಲೆ ನಿನ್ನ ಕೈಬರಹ ಕಂಡ ಕೂಡಲೇ ಒಲೆಗೆ ಹಾಕಲಿಲ್ಲವಲ್ಲ, ಅದಕ್ಕೆ ಸಂತೋಷಪಡು. ಹತ್ತು ನಿಮಿಷದ ದಾರಿಗೆ ಅಂಚೆಯಲ್ಲಿ ಕಳಿಸಿದ್ದೀಯ. ಬಾಗಿಲಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ನಿನಗೆ ಗೊತ್ತು, ಆ ಮಟ್ಟಿಗೆ ಬುದ್ಧಿವಂತ.

ಒಳಗಿನ ನಿನ್ನ ಚೀಟಿಯನ್ನು ನಾಲ್ಕು ಸಲ ಓದಿದೆ. “ಲುಡ್ವಿಕ್, ಜುಜ್ಕಾ ಇರೋವರ್ಗೂ ಇದನ್ನ ಮಾಡ್ಲಿಲ್ಲ. ಈಗ ಮಾಡಿದೀನಿ. ಇನ್ನೂ ಯಾರಿಗೂ ತೋರ್ಸಿಲ್ಲ. ತಪ್ಪಿದ್ರೆ ಬರಿ. ಗಾಜಿನ ಪೆಟ್ಟಿಗೇಲಿ ಇಡೋದೋ ಬೇಡ್ವೋ, ನೀನೇ ಹೇಳು.” ನನ್ನ ತಂಗಿಯ ಹೆಸರನ್ನು ನಿನ್ನ ಲೇಖನಿಯಿಂದ ಬರೆಯಲು ನಿನಗೆ ಯಾರು ಅಪ್ಪಣೆ ಕೊಟ್ಟರು? ಕಳೆದ ಅಕ್ಟೋಬರಿನಲ್ಲಿ ಅವಳನ್ನು ಮಣ್ಣು ಮಾಡಿದ ದಿನ ನೀನು ಇಗರ್ಜಿಯ ಹೊರಗೆ ಟೋಪಿ ಹಿಡಿದು ನಿಂತಿದ್ದೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಕರೆಯಬೇಡಿ ಎಂದು ಹೇಳಿದ್ದವನು ನಾನೇ.

ಉತ್ತರ ಬರೆಯುವ ಮುಂಚೆ ಹಳೆಯ ರೈಲು ಉಳಿಸುವ ನಿಮ್ಮ ಸಂಘದ ಘನಕಾರ್ಯವನ್ನು ಕಣ್ಣಾರೆ ನೋಡೋಣವೆಂದು ಹಳೆಯ ಸ್ಟೇಷನ್ನಿಗೆ ಹೋಗಿದ್ದೆ. ಕಬೂಸ್ ನಾನೂರ ಇಪ್ಪತ್ತೆರಡು ಅಲ್ಲಿ ಮೊಂಡು ಹಳಿಯ ಮೇಲೆ ಕೆಂಪು ಬಣ್ಣ ಬಳಿಸಿಕೊಂಡು ನಿಂತಿತ್ತು. ನಮ್ಮ ಕಂಪನಿಯ ಕಬೂಸುಗಳಲ್ಲಿ ಅದೊಂದು ಉಳಿದಿದೆ, ಇನ್ನೊಂದರಲ್ಲಿ ಯಾರೋ ಐಸ್‌ಕ್ರೀಮ್ ಮಾರುತ್ತಾರೆ, ಮಿಕ್ಕವೆಲ್ಲ ಗುಜರಿಗೆ ಹೋದವು. ಪಟ್ಟೆ ಟೋಪಿ ಹಾಕಿದ ಒಬ್ಬ ಮನುಷ್ಯ ಕುಂಚ ಹಿಡಿದು ಓಡಿಬಂದ. ನಿಮ್ಮ ಹಲ್ಲಿನ ಡಾಕ್ಟರ್ ವಿಟ್‌ಕಮ್.

“ಅಜ್ಜಾರೇ, ಮುಟ್ಬೇಡಿ, ಬಣ್ಣ ಹಸೀ ಇದೆ. ಇದಕ್ಕೆ ಕಬೂಸ್ ಅಂತಾರೆ. ಹಿಂದೆಲ್ಲ ಸರಕು ರೈಲಿನ ಬಾಲದಲ್ಲಿ ಇರ್ತಿತ್ತು.”

“ಹೌದಾ? ಬಾಲದಲ್ಲೇ ಯಾಕೆ?”

“ಗಾರ್ಡು ಇಲ್ಲಿ ಕೂತು ಇಡೀ ಗಾಡಿ ಮೇಲೆ ಕಣ್ಣಿಟ್ಟಿರ್ತಿದ್ರು. ಮಾಡಿನ ಮೇಲೆ ಗೂಡು ಕಾಣ್ತಿದ್ಯಲ್ಲ, ಅಲ್ಲಿಂದ. ಅಡುಗೆ, ನಿದ್ದೆ, ಲೆಕ್ಕಪತ್ರ ಎಲ್ಲ ಇದ್ರಲ್ಲೇ. ಐದಾರು ವರ್ಷದ ಹಿಂದೆ ಇವನ್ನೆಲ್ಲ ಬಿಚ್ಚಾಕಿ ಕೊನೇ ಡಬ್ಬಿಗೆ ಒಂದು ಮಿಣುಕು ದೀಪ ಸಿಕ್ಕಿಸ್ಬಿಟ್ರು.”

“ಒಳ್ಳೇದೇ ಆಯ್ತು ಬಿಡಿ. ದೀಪಕ್ಕೆ ಕಾಫಿ ಬೇಕಾಗಲ್ಲ,” ಎಂದೆ.

ಇಪ್ಪತ್ತೊಂಬತ್ತು ವರ್ಷ ಕಬೂಸಿನಲ್ಲಿ ಗಾರ್ಡಾಗಿ ಕೂತವನಿಗೆ, ಜನರ ಬಾಯಿಯಲ್ಲಿ ಕೈ ಹಾಕಿ ಬದುಕುವವನು ಪಾಠ ಹೇಳಿದ. ಗಾಡಿ ದಾರಿಯಲ್ಲಿ ನಿಂತರೆ ಬಾವುಟದವನು ಯಾರ ಮಾತಿಗೂ ಕಾಯದೆ ಇಳಿದು, ಹಿಂದೆ ಬರುವ ಗಾಡಿಯನ್ನು ತಡೆಯಲು ಅರ್ಧ ಮೈಲಿ ಹಿಂದಕ್ಕೆ ನಡೆಯಬೇಕಂತೆ. ಹಳಿಗೆ ಪಟಾಕಿ ಕಟ್ಟಬೇಕಂತೆ, ಕೆಂಪು ಉರಿಗಡ್ಡಿ ಹಚ್ಚಬೇಕಂತೆ, ತನ್ನ ಗಾಡಿಯ ಎಂಜಿನ್ನು ನಾಲ್ಕು ಸಲ ಉದ್ದ ಕೂಗಿ ಕರೆಯುವವರೆಗೂ ಮಳೆಯೋ ಹಿಮವೋ ಅಲ್ಲೇ ನಿಲ್ಲಬೇಕಂತೆ. ಕೇಳುತ್ತ ಕೇಳುತ್ತ ನನಗೆ ಮೈಯೆಲ್ಲ ಉರಿಯಿತು.

“ಇಲ್ಲೂ ಒಬ್ಬ ಬಾವುಟದವನು ಸತ್ನಲ್ಲ, ಐವತ್ತೆಂಟರಲ್ಲಿ?” ಎಂದು ಕೆಣಕಿದೆ. “ಹಿಂದಿನ ಗಾಡಿ ಡ್ರೈವರ್ ನಿದ್ದೆ ಹೊಡೀತಿದ್ನಂತೆ.”

ಅವನು ಕುಂಚ ಕೆಳಗಿಟ್ಟ. “ಆ ಡ್ರೈವರು ನಮ್ಮ ಪ್ರೋಸರ್ ಅವ್ರೇ. ಈ ಕಬೂಸಿನ ಅರ್ಧ ಕೆಲಸ ಅವರ ಕೈಯಿಂದಾನೇ ಆಗಿದ್ದು. ಒಂದ್ಸಲ ಕೇಳ್ದೆ. ‘ಹುಡುಗನದು ತಪ್ಪಿರ್ಲಿಲ್ಲ, ಅಷ್ಟು ಬರ್ಕೊಳ್ಳಿ ಸಾಕು’ ಅಂದ್ರು. ಮೂವತ್ತನೇ ತಾರೀಕು, ಹಳೇ ಲೆಕ್ಕದ ಮಡಿದವರ ದಿನ, ಬಾಗಿಲು ತೆಗೀತೀವಿ. ಬನ್ನಿ. ಆ ಗಾಜಿನ ಪೆಟ್ಟಿಗೇಲಿ ಏನೋ ಇಡ್ತಾರಂತೆ, ನಮ್ಗೂ ಹೇಳಿಲ್ಲ.”

ಆ ಖಾಲಿ ಗಾಜಿನ ಪೆಟ್ಟಿಗೆ ನೋಡಿದೆ. ಯಾಂಕೊ ಹರ್ನಾಕ್ ಎಂದು ನನ್ನ ತಮ್ಮನ ಹೆಸರು ಹಿತ್ತಾಳೆಯಲ್ಲಿ ಕೆತ್ತಿಸಿದ್ದೀಯ. ನನ್ನ ತಮ್ಮನ ಪರವಾಗಿ ಸಾಕ್ಷಿ ಹೇಳಲು ನೀನು ಯಾರು? ಅವನಿಗೆ ಇಪ್ಪತ್ತಮೂರು. ಕೊಂದ ಕೈ ಈಗ ಹಿತ್ತಾಳೆ ಉಜ್ಜುತ್ತಿದೆ.

ಮನೆಗೆ ಬಂದು ನೀನು ಕಳಿಸಿದ ಆಟಿಕೆಯನ್ನು, ನನ್ನ ಹಳೆಯ ಕಬೂಸ್ ನಾನೂರ ಹದಿನೇಳರ ಮಾದರಿಯನ್ನು, ಮೇಜಿನ ಮೇಲಿಟ್ಟು ಭೂತಗನ್ನಡಿ ತೆಗೆದೆ. ತಪ್ಪಿದ್ದರೆ ಬರೆ ಎಂದೆಯಲ್ಲ, ಬರೆಯುತ್ತೇನೆ. ನಲವತ್ತೆಂಟು ಅಡಿಗೆ ಒಂದು ಅಡಿ ಲೆಕ್ಕದಲ್ಲಿ ಮಾಡಿದ್ದೀಯ, ಸರಿ. ಹೊಗೆಕೊಳವೆ ಒಂದು ಮೊಳೆಯ ದಪ್ಪದಷ್ಟು ಎಡಕ್ಕೆ ಹೋಗಿದೆ. ನಮ್ಮ ನಾನೂರ ಹದಿನೇಳಕ್ಕೆ ಹಿಂಬದಿಯ ಮೆಟ್ಟಿಲು ಮೂರು, ನೀನು ನಾಲ್ಕು ಮಾಡಿದ್ದೀಯ. ನಾಲ್ಕು ಮಾಡಿದ್ದು ಆಮೇಲೆ ಬಂದ ಕಬೂಸುಗಳಿಗೆ. ಹಿಡಿಕಂಬಿಗೆ ಹಳದಿ ಬಳಿದಿದ್ದೀಯ, ಐವತ್ತೆಂಟರಲ್ಲಿ ಅದು ಕಪ್ಪು. ನೀನು ಎಂಜಿನ್ನಿನವನು, ಕಬೂಸನ್ನು ಎಂದೂ ಹತ್ತಿರದಿಂದ ನೋಡಿದವನಲ್ಲ. ನೋಡಿದ್ದು ಒಂದೇ ಸಲ, ಅದೂ ಮೂವತ್ತು ಮೈಲಿ ವೇಗದಲ್ಲಿ.

ಕಿಟಕಿಯ ಪರದೆ ಮಾತ್ರ ಸರಿಯಾಗಿದೆ. ನೀಲಿ ಚೌಕುಳಿ. ಆಗೆಲ್ಲ ಒಬ್ಬ ಗಾರ್ಡಿಗೆ ಒಂದು ಕಬೂಸ್, ಅದು ಅವನ ಇನ್ನೊಂದು ಮನೆ. ಅಮ್ಮನ ಹಳೆಯ ಮೇಜುವಸ್ತ್ರವನ್ನು ಕತ್ತರಿಸಿ ಜುಜ್ಕಾ ಹೊಲಿದುಕೊಟ್ಟಿದ್ದಳು. ಅವಳು ಆಗ ನಿನ್ನ ಹೆಂಡತಿಯಾಗಿ ನಿನ್ನ ಮನೆಯಲ್ಲಿದ್ದಳು, ನಿನ್ನ ಅಡುಗೆಮನೆಯ ದೀಪದ ಕೆಳಗೆ ಹೊಲಿದಿರಬೇಕು. ಇದನ್ನು ನಾನು ಈವರೆಗೆ ಯೋಚಿಸಿರಲಿಲ್ಲ.

ಆಮೇಲೆ ಮಾಡು ಎತ್ತಿದೆ. ಒಳಗಿನ ಕೆಲಸಕ್ಕೆ ಬರುತ್ತೇನೆ.

ಬಟಾಣಿಗಿಂತ ತುಸು ದೊಡ್ಡ ಒಲೆ, ಮೇಲೆ ಕಾಫಿ ಪಾತ್ರೆ. ಒಲೆಯ ಮೇಲಿನ ಸರಳಿಗೆ ಎರಡು ಕಂದು ನೂಲಿನ ತುಂಡು ತೂಗುತ್ತಿವೆ. ಅಂಟು ಸೋರಿದ್ದನ್ನು ಒರೆಸಲು ಮರೆತೆಯೋ ಏನೋ. ಒಲೆಯ ಪಕ್ಕದ ಬೆಂಚು ಗಾರ್ಡಿನದು, ಅದರ ಮೇಲೆ ಇನ್ನೊಬ್ಬ ಕೂರುವ ಪದ್ಧತಿಯಿಲ್ಲ, ಅದನ್ನಾದರೂ ಸರಿಯಾಗಿ ಇಟ್ಟಿದ್ದೀಯ. ಅಲ್ಲಿ ನಾನಿದ್ದೇನೆ, ಹೊಟ್ಟೆ ಸ್ವಲ್ಪ ಹೆಚ್ಚಾಗಿದೆ. ಎದುರಿಗೆ ಕಿಟಕಿಯ ಬೆಂಚಿನ ಮೇಲೆ ಕೈಯಲ್ಲಿ ಲೋಟ ಹಿಡಿದು ಇನ್ನೊಬ್ಬ ಕೂತಿದ್ದಾನೆ. ಕಿರುಬೆರಳಿನ ಗೆಣ್ಣಿನಷ್ಟಿದ್ದಾನೆ. ಅವನ ಕೆಂಪು ಕೂದಲಿಂದಲೇ ಯಾರೆಂದು ಗೊತ್ತಾಯಿತು. ಅವನಿಗೆ ಬೂಟು ಬಳಿಯಲು ಮರೆತಿದ್ದೀಯ. ಪಾದಕ್ಕೆ ಮೈಬಣ್ಣವೇ ಇದೆ. ಗೋಡೆಯ ತಿರುಪುಮೊಳೆ ಒಂದೊಂದನ್ನೂ ಎಣಿಸಿ ಕೂರಿಸಿದವನು ಬೂಟು ಮರೆಯುತ್ತಾನೆಯೇ?

ಇದೇನು ಎಮ್ಲಿನ್, ನಿನ್ನ ಸೇಡೇ? ಕಾಯುತ್ತ ಇದ್ದೆಯಾ ಅವಳು ಸಾಯಲಿ ಎಂದು?

ವಿಚಾರಣೆಯಲ್ಲಿ ನಾನು ಹೇಳಿದ್ದು ಕಾಗದದ ಮೇಲಿದೆ, ಮತ್ತೆ ಹೇಳುತ್ತೇನೆ. ಮಾರ್ಚ್ ಹನ್ನೊಂದು, ಬೆಳಿಗ್ಗೆ ಏಳು ಗಂಟೆ, ಮಂಜು. ಒಂದು ಡಬ್ಬಿಯ ಗಾಲಿಯ ಅಚ್ಚು ಕಾದು ಹೊಗೆ ಬಂದು ನಮ್ಮ ಗಾಡಿ ಟ್ಯಾನರ್ ತಿರುವಿನ ಕೆಳಗೆ ನಿಂತಿತು. ಯಾಂಕೊ ಬಾವುಟ ಹಿಡಿದು ಹಿಂದಕ್ಕೆ ನಡೆದ. ನೀನು ನೋಡಲಿಲ್ಲ, ಬಂದು ಗುದ್ದಿದೆ. ಅವನು ಹಚ್ಚಿದ ಉರಿಗಡ್ಡಿ ಸಿಕ್ಕಿತು. ಅವನ ಮೈಮೇಲೆ ಕೋಟಿತ್ತು, ಕಾಲಲ್ಲಿ ಬೂಟಿತ್ತು, ಅಧಿಕಾರಿಗಳೇ ಬರೆದುಕೊಂಡರು. ಒಳಗೆ ಬೆಚ್ಚಗೆ ಕೂತವನು ಲೇಸು ಬಿಗಿದ ಬೂಟಿನಲ್ಲಿ ಸಾಯುತ್ತಾನೆಯೇ ಎಂದು ನಾನು ಕೇಳಿದೆ. ನೀನು ನೆಲ ನೋಡುತ್ತ ಕೂತಿದ್ದೆ. ನಿನ್ನ ಕೆಲಸ ಹೋಯಿತು. ಅದೇ ವಾರ ಜುಜ್ಕಾ ಪೆಟ್ಟಿಗೆ ಕಟ್ಟಿಕೊಂಡು ನನ್ನ ಮನೆಗೆ ಬಂದಳು. “ಅವ್ನ ಹೆಸ್ರು ಈ ಮನೇಲಿ ಎತ್ಬೇಡ ಲುಡೋ,” ಎಂದಳು. ನಾನು ಎತ್ತಲಿಲ್ಲ. ಮೂವತ್ತೆರಡು ವರ್ಷ ಮಹಡಿಯ ಕೋಣೆಯಲ್ಲಿ ಇದ್ದಳು, ನಿನ್ನ ಮನೆಯತ್ತ ನೋಡುವ ನದಿಯ ಕಡೆಯ ಕಿಟಕಿ ತೆಗೆಯುತ್ತಿರಲಿಲ್ಲ.

ಆದ್ದರಿಂದ ನನ್ನ ಉತ್ತರ ಇದು. ಗಾಜಿನ ಪೆಟ್ಟಿಗೆಯಲ್ಲಿ ಇದನ್ನು ಇಡಕೂಡದು. ಇಡುವುದೇ ಆದರೆ ನನ್ನ ತಮ್ಮನನ್ನು ಆ ಬೆಂಚಿನಿಂದ ಕಿತ್ತು, ಬೂಟು ಬಳಿದು, ಕೈಗೆ ಬಾವುಟ ಕೊಟ್ಟು ಹೊರಗೆ ಹಳಿಯ ಮೇಲೆ ನಿಲ್ಲಿಸು. ಇಲ್ಲದಿದ್ದರೆ ಮೂವತ್ತನೇ ತಾರೀಕು ಎಲ್ಲರ ಮುಂದೆ ನಿನ್ನ ಮಾನ ತೆಗೆಯುತ್ತೇನೆ. ಇನ್ನೊಂದು ಸಲ ತೆಗೆಯಲು ಅದು ಎಷ್ಟು ಉಳಿದಿದೆಯೋ ಗೊತ್ತಿಲ್ಲ.

ನಿನ್ನ ಸಾಮಾನನ್ನು ಬಂದ ಪೆಟ್ಟಿಗೆಯಲ್ಲೇ ವಾಪಸು ಕಳಿಸುತ್ತಿದ್ದೇನೆ. ದೇವರು ನಿನಗೆ ಆಯುಸ್ಸು ಕೊಡಲಿ, ಕಣ್ಣು ಕೊಡಲಿ. ಮುಂದಿನ ಸಲ ಮೆಟ್ಟಿಲನ್ನಾದರೂ ಸರಿಯಾಗಿ ಎಣಿಸು.

ಇಂತಿ,
ಯಾಂಕೊನ ಅಣ್ಣ
ಲುಡ್ವಿಕ್ ಹರ್ನಾಕ್

ತಾ.ಕ.: ಭಾವ, ಮೇಲಿನದನ್ನು ಬರೆದು ಲಕೋಟೆ ಅಂಟಿಸಿ ಮೂರು ದಿನವಾಯಿತು. ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಹಳೆಯ ಹಾಳೆಗಳನ್ನು ಹರಿಯುವುದಿಲ್ಲ. ಮೂವತ್ತಮೂರು ವರ್ಷ ಊರೆಲ್ಲ ಹಾಗೆಯೇ ಮಾತಾಡಿಕೊಂಡು ತಿರುಗಿದ್ದೇನೆ, ಅದರ ಒಂದು ಪ್ರತಿ ನಿನ್ನ ಬಳಿ ಇರಲಿ.

ಮೆಟ್ಟಿಲು, ಕಂಬಿ ಬಿಡು. ನಿನ್ನ ಕೆಲಸದಲ್ಲಿ ಒಂದೇ ಒಂದು ತಪ್ಪಿದೆ. ಯಾಂಕೊ ಕಿಟಕಿಯ ಬೆಂಚಿನ ಮೇಲೆ ಕೂತಿರಲಿಲ್ಲ. ಒಲೆಯ ಪಕ್ಕ, ನನ್ನ ಬೆಂಚಿನ ಮೇಲೆ ಕೂತಿದ್ದ. ಗಾರ್ಡಿನ ಬೆಂಚಿನ ಮೇಲೆ ಬಾವುಟದವನು ತಾನಾಗಿ ಕೂರುವುದಿಲ್ಲ, ಗಾರ್ಡು ಕೂರು ಎಂದರೆ ಮಾತ್ರ ಕೂರುತ್ತಾನೆ.

ಆ ಬೆಳಿಗ್ಗೆ ನಮ್ಮ ಗಾಡಿ ನಿಂತಿದ್ದು ಅದು ಮೂರನೇ ಸಲ. ಮೊದಲ ಎರಡು ಸಲವೂ ಅವನು ಕರಗಿದ ಹಿಮದಲ್ಲಿ ಅರ್ಧ ಮೈಲಿ ಹೋಗಿ ಬಂದಿದ್ದ. ಬೂಟಿನೊಳಗೆ ನೀರು ತುಂಬಿತ್ತು, ಕಳಚಿ ಒಲೆಯ ಕೆಳಗಿಟ್ಟು ಕಾಲುಚೀಲವನ್ನು ಸರಳಿಗೆ ಹಾಕಿದ್ದ. ಗಾಡಿ ಮತ್ತೆ ನಿಂತಾಗ ಒದ್ದೆ ಬೂಟಿಗೆ ಕೈ ಹಾಕಿದ. “ಅಣ್ಣಾ, ಹೋಗ್ಬರ್ತೀನಿ. ಹಿಂದೆ ಭಾವನ ಗಾಡಿ ಇದೆ.”

“ಕೂತ್ಕೊಳ್ಳೋ ಇಲ್ಲಿ,” ಎಂದೆ, ನನ್ನ ಬೆಂಚು ತಟ್ಟಿ. “ಐದು ನಿಮಿಷಕ್ಕೆ ಹೊರಡ್ತೀವಿ. ನಿಮ್ ಭಾವನ ಗಾಡಿ ಬರೋಷ್ಟ್ರಲ್ಲಿ ಎರಡು ಲೋಟ ಕಾಫಿ ಕುಡೀಬಹುದು.”

ಅವನು ನಕ್ಕ. ಒಂದು ಲೋಟವೂ ಮುಗಿದಿರಲಿಲ್ಲ. ಸದ್ದು ಕೇಳಿದಾಗ ನಾನು ಮುಂದಿನ ಬಾಗಿಲಿಂದ ಹಾರಿದೆ. ಅವನು ಹಿಂದಿನ ಬಾಗಿಲಿಗೆ ಓಡಿದ, ಬರಿಗಾಲಲ್ಲಿ, ಉರಿಗಡ್ಡಿ ಹಚ್ಚಿಕೊಂಡು, ನಿನ್ನನ್ನು ನಿಲ್ಲಿಸಲು.

ನೀನು ಅವನನ್ನು ಮೊದಲು ಕಂಡವನು. ಅಧಿಕಾರಿಗಳು ಬಂದಾಗ ನೀನು ಹಿಮದಲ್ಲಿ ಬರೀ ಕಾಲುಚೀಲದಲ್ಲಿ ನಿಂತಿದ್ದೆ. ಪಾಪ, ಗಾಬರಿಯಲ್ಲಿ ಬೂಟು ಎಲ್ಲೋ ಕಳೆದುಕೊಂಡಿದ್ದಾನೆ ಎಂದರು. ನಾನು ನಿನ್ನ ಕಾಲು ನೋಡಿದೆ, ಅವನ ಕಾಲು ನೋಡಿದೆ, ಬಾಯಿ ಮುಚ್ಚಿಕೊಂಡೆ. ಕಾವಲು ಬಿಟ್ಟು ಒಳಗೆ ಕೂತಿದ್ದ ಎಂಬ ಮಾತು ಹುಡುಗನಿಗೆ ಬರಬಾರದೆಂದು, ಅದು ಅವನ ಅಕ್ಕನ ಕಿವಿಗೆ ಬೀಳಬಾರದೆಂದು ನೀನೇ ನಿನ್ನ ಬೂಟು ಬಿಚ್ಚಿ ಅವನಿಗೆ ತೊಡಿಸಿದ್ದೆ. ಅದೇ ಬೂಟು ತೋರಿಸಿ ನಾನು ನಿನ್ನ ಕೆಲಸ ಕಸಿದೆ, ಹೆಂಡತಿಯನ್ನು ಕಸಿದೆ. ನೀನು ನಿದ್ದೆ ಹೋಗಿದ್ದೆ ಎಂದು ಅವಳಿಗೆ ಹೇಳಿದವನು ನಾನು.

ಸಾಯುವ ವಾರ ಅವಳು ಕೇಳಿದಳು: “ಅವ್ರು ನಿದ್ದೆ ಮಾಡ್ತಿದ್ರು ಅಂತ ನಿಂಗೆ ಹೇಗ್ ಗೊತ್ತಾಯ್ತು ಲುಡೋ? ನೀನು ಮುಂದಿನ ಗಾಡೀಲಿದ್ಯಲ್ಲ?” ನಾನು “ಮಲ್ಕೋ, ಸೂಪು ಬಿಸಿ ಮಾಡ್ತೀನಿ” ಎಂದು ಕೆಳಗಿಳಿದೆ. ಮೇಲೆ ಬಂದಾಗ ನದಿಯ ಕಡೆಯ ಕಿಟಕಿ ತೆರೆದಿತ್ತು. ಹೇಗೆ ಎದ್ದು ಹೋದಳೋ ತಿಳಿಯದು.

ಮೂವತ್ತನೇ ತಾರೀಕು ಗಾಜಿನ ಪೆಟ್ಟಿಗೆಯಲ್ಲಿ ಇದನ್ನೇ ಇಡು. ಅವನನ್ನು ನನ್ನ ಬೆಂಚಿಗೆ ಸರಿಸು, ಬೂಟು ಬಳಿಯಬೇಡ. ನಾನು ಬರುತ್ತೇನೆ, ಹಲ್ಲಿನ ಡಾಕ್ಟರ್ ಬರೆದುಕೊಳ್ಳಲಿ, ನಾನೇ ಹೇಳುತ್ತೇನೆ.

ಪೆಟ್ಟಿಗೆ ಭಾರವಾಗಿದೆಯೆಂದು ಅಂಚೆಯವನು ಗೊಣಗಬಹುದು. ಕಬೂಸಿನ ಕೆಳಗೆ ನಿನ್ನ ಬೂಟುಗಳಿವೆ. ಶವ ತೊಳೆದವನು ಅಂದು ನನ್ನ ಕೈಗೆ ಕೊಟ್ಟಿದ್ದ. ಹುಡುಗನಿಗೆ ದೊಡ್ಡದಾಗಿದ್ದವು, ಎಳೆದ ಕೂಡಲೇ ಬಂದವಂತೆ. ಲೇಸಿನ ಗಂಟು ನೀನು ಕಟ್ಟಿದ ಹಾಗೆಯೇ ಇದೆ.