ಸಕ್ಕರೆಯ ಗಡಿಪಾರು

ಗದ್ವಾಲ, ಸೋಮವಾರ

ಪಕ್ಕದ ಮನೆಯ ಆಶಮ್ಮನವರಿಗೆ ನಮಸ್ಕಾರ.

ಸಮಸ್ತ ಓಣಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯಿಂದ ಸಕ್ಕರೆಯನ್ನು ಗಡಿಪಾರು ಮಾಡಲಾಗಿದೆ. ಮಗಳ ನಾಲ್ಕು ಹಲ್ಲು ಹುಳುಕಾಗಿ, ಡಾಕ್ಟರು ಸಕ್ಕರೆ ಬಿಡಿಸಿದರು. ನೀವು ಬಟ್ಟಲು ಹಿಡಿದು ಬಂದ ದಿನ ಇದನ್ನೇ ಹೇಳಿದೆ. "ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ, ಹಲ್ಲಿನ ಕಥಿ ಯಾಕ ಹೇಳ್ತೀರಿ?" ಎಂದು ಹೊರಟುಬಿಟ್ಟಿರಿ.

ಹನ್ನೆರಡು ದಿನವಾಯಿತು. ಮೊದಲೆಲ್ಲ ಒಂದು ಬಟ್ಟಲು ಸಕ್ಕರೆಗೆಂದು ಬಂದು ಒಂದು ತಾಸು ಕೂರುತ್ತಿದ್ದಿರಿ. ಈಗ ಮನೆಯವರು, ಮಗಳು ಹೊರಟ ಮೇಲೆ ಸಂಜೆಯವರೆಗೆ ನನ್ನೊಡನೆ ಮಾತಾಡುವುದು ಕುಕ್ಕರ್ ಒಂದೇ. ಅದೂ ಮೂರೇ ಮಾತು.

ಮಗಳ ತಿಂಡಿಗೆಂದು ಐಜ ಊರಿನಿಂದ ಒಂದು ಚೀಲ ಶೇಂಗಾ ಬಂದಿದೆ. ನಾಳೆ ಮಧ್ಯಾಹ್ನ ಸುಲಿಯಲು ಸ್ವಲ್ಪ ಕೈ ಹಚ್ಚುತ್ತೀರಾ?

ನಿಮ್ಮ,
ಶಿವರಂಜನಿ