ಹೊಳೆದಂಡೆಯ ಹೊಲದ ಮರಳು

ಅಣ್ಣಾ,

ಇವತ್ತು ನನಗೆ ಉಪವಾಸ. ಕಸ ಗುಡಿಸಿ, ಹಸುವಿಗೆ ನೀರಿಟ್ಟು, ಹೊಳೆದಂಡೆಯ ಹೊಲಕ್ಕೆ ಹೋದೆ. ಮಣ್ಣು ಪರೀಕ್ಷೆಯವರು ಬಂದು ಸೊಂಟದಾಳದ ಗುಂಡಿ ತೋಡಿದರು. ಮೇಲೆ ಗೇಣುದ್ದ ಮಣ್ಣು, ಕೆಳಗೆಲ್ಲ ಮರಳು. ಒಂದು ಕೊಡ ನೀರು ಸುರಿದರು, ನೋಡುತ್ತಿದ್ದಂತೆ ಇಂಗಿಹೋಯಿತು.

"ಇದಕ್ಕೆ ದಿನಾ ಸ್ವಲ್ಪಸ್ವಲ್ಪ ನೀರು ಕೊಡ್ಬೇಕಮ್ಮ. ಒಂದೇ ಸಲ ತುಂಬಿಸಿದ್ರೆ ಗೊಬ್ಬರಾನೂ ಕೆಳಗಿಳಿದು ಹೋಗುತ್ತೆ. ಮೊದಲೇ ಯಾರೂ ಹೇಳ್ಲಿಲ್ವಾ?" ಎಂದರು.

ನೀನು ಹಾಗೆಯೇ ದಿನಾ ಸ್ವಲ್ಪಸ್ವಲ್ಪ ಹಾಯಿಸುತ್ತಿದ್ದೆ. "ಸೋಮಾರಿ, ಹೊಲಕ್ಕೆ ಚಮಚದಲ್ಲಿ ನೀರು ಕುಡಿಸ್ತಾನೆ" ಅಂತ ಅಪ್ಪನಿಗೆ ಹೇಳಿದವಳು ನಾನು. ಅಪ್ಪ ಅದನ್ನು ನಂಬಿ ಹೊಲವನ್ನು ನನಗೆ ಕೊಟ್ಟರು, ನೀನು ಊರು ಬಿಟ್ಟೆ.

ಗುಂಡಿ ಮುಚ್ಚಿ ಬಂದೆ. ಹಸಿವೂ ಆಗುತ್ತಿಲ್ಲ. ನಿನ್ನ ವಿಳಾಸ ಗೊತ್ತಿಲ್ಲ. ಈ ಕಾಗದವನ್ನು ದೇವರ ಪಟದ ಹಿಂದೆ ಇಡುತ್ತೇನೆ.

ದೇವರೇ, ಇದನ್ನು ಅಣ್ಣನಿಗೆ ಮುಟ್ಟಿಸಿ, ಅವನ ಉತ್ತರವನ್ನು ನೀನೇ ತಂದುಕೊಡು.