ತಲಿ ಬಂತು ಅನ್ನುವವರಿಲ್ಲದ ಕೆರೆ

ಹಳೇ ಹುಬ್ಬಳ್ಳಿ
ಸೋಮವಾರ, ೮ ನವೆಂಬರ್ ೧೯೩೭

ಪ್ರೀತಿಯ ಪಾಲ್‌ನ ಅಪ್ಪನವರಿಗೆ, ದೂರದೂರಿನಲ್ಲಿರುವ ನಿಮ್ಮನ್ನು ಕರ್ತನು ತನ್ನ ಕೈಯೊಳಗೆ ಇಟ್ಟುಕೊಂಡಿರಲಿ ಎಂದು ಬೇಡುತ್ತ ನಿಮ್ಮ ಹನ್ನಾ ಬರೆಯುವುದು.

ಮೊದಲು ನಿಮ್ಮ ಕೆಮ್ಮು ಹೇಗಿದೆ ತಿಳಿಸಿ. ಹೋದ ಕಾಗದದಲ್ಲಿ ನೀವು ಕೆಮ್ಮಿನ ಸುದ್ದಿಯನ್ನೇ ಎತ್ತಿಲ್ಲ. ಕಡಿಮೆಯಾಗಿದ್ದರೆ ಕಡಿಮೆಯಾಗಿದೆ ಎಂದು ಬರೆಯುತ್ತಿದ್ದಿರಿ, ಹಾಗಾದರೆ ಹೆಚ್ಚಾಗಿರಬೇಕು ಎಂದು ನಾನು ನಿದ್ದೆಗೆಟ್ಟಿದ್ದೇನೆ. ಪೆರಂಬೂರಿನ ರೈಲು ವರ್ಕ್‌ಶಾಪಿನಲ್ಲಿ ಹೊಗೆ ಇಲ್ಲಿಗಿಂತ ಜಾಸ್ತಿಯೋ ಕಡಿಮೆಯೋ? ಅಲ್ಲಿ ಮಳೆಗಾಲ ಈಗ ಶುರುವಾಗುತ್ತದಂತೆ, ಖರೆಯೇ? ತಲೆಗೆ ವಸ್ತ್ರ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡಿ. ಕಳಿಸಿದ ಜೋಳದ ಹಿಟ್ಟು ಹುಳ ಹಿಡಿಯುವ ಮೊದಲು ಬಳಸಿರಿ, ಉಳಿಸಿ ಉಳಿಸಿ ತಿನ್ನಬೇಡಿ, ನಿಮ್ಮ ಗುಣ ನನಗೆ ಗೊತ್ತು. ನಾವಿಲ್ಲಿ ಆರೋಗ್ಯವಾಗಿದ್ದೇವೆ. ಸೂಸನ್‌ಗೆ ಹಲ್ಲು ಬರುತ್ತಿದೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನಿನ್ನೆ ಪ್ರಾರ್ಥನೆಯ ಹೊತ್ತಿಗೆ ನನ್ನ ಹಾಡಿನ ಪುಸ್ತಕದ ಮೂಲೆಯನ್ನೇ ತಿಂದಳು. ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟವಳ ಅಕ್ಷರ, ಎಲ್ಲಾದರೂ ತಪ್ಪಿದ್ದರೆ ಹೊಂದಿಸಿಕೊಂಡು ಓದಿಕೊಳ್ಳಿ.

ಈಗ ಪಾಲ್‌ನ ಸುದ್ದಿ. ಗಾಬರಿಯಾಗಬೇಡಿ, ಹುಡುಗ ನೆಟ್ಟಗಿದ್ದಾನೆ. ಈಜಿನ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾನೆ ಎಂದು ದೀಪಾವಳಿಗೆ ಮೊದಲೇ ಬರೆದಿದ್ದೆನಲ್ಲ, ಆ ಪಂದ್ಯದ ಆಯ್ಕೆ ಮೊನ್ನೆ ಶನಿವಾರ ಉಣಕಲ್ಲ ಕೆರೆಯಲ್ಲಿ ಆಯಿತು. ಇಲ್ಲಿ ಆಯ್ಕೆಯಾದವರು ಡಿಸೆಂಬರಿನಲ್ಲಿ ಪುಣೆಗೆ ಹೋಗುವವರು. ಅದರ ನಿಯಮಗಳನ್ನು ಸಾಲಿಯ ಗೋಡೆಗೆ ಅಂಟಿಸಿದ್ದರು. ನಾನು ಹಿಂದಿನ ವಾರವೇ ಹೋಗಿ ಬೆರಳಿಟ್ಟು ಓದಿದೆ, ಅರ್ಧ ತಿಳಿಯಿತು, ಅರ್ಧ ಇನ್ನಷ್ಟು ಹೆದರಿಸಿತು. ಹದಿನಾಲ್ಕರ ಒಳಗಿನವರಿಗೆ ಮಾತ್ರ ಎಂದಿತ್ತು. ನಮ್ಮ ಪಾಲ್ ಹದಿನಾಲ್ಕರಲ್ಲಿ ಬಿದ್ದಿದ್ದಾನಲ್ಲ, ಮುಗಿಯಿತು ಎಂದುಕೊಂಡು ಕವಾಯತಿನ ವೆಂಕಣ್ಣ ಮಾಸ್ತರರ ಮನೆಗೆ ಹೋದೆ. ಅವರು ಊಟಕ್ಕೆ ಕೂತಿದ್ದರು, ನಾನು ಹೊರಗೇ ನಿಂತೆ. ಕೈ ತೊಳೆದು ಬಂದು, "ತಾಯಿ, ಬಿದ್ದದ್ದು ಎಣಸೂದಿಲ್ಲ, ತುಂಬಿದ್ದು ಎಣಸ್ತಾರ. ನಿಮ್ಮ ಹುಡುಗಗ ತುಂಬಿದ್ದು ಹದಿಮೂರು. ಮನಿಗೆ ಹೋಗಿ ಅನ್ನ ಉಣ್ರಿ," ಅಂದರು. ನಮ್ಮಲ್ಲಿ ಯಾರಾದರೂ ತುಂಬಿದ ವರ್ಷ ಹೇಳುತ್ತಾರೆಯೇ, ನೀವೇ ಹೇಳಿ. ಮಗು ಹುಟ್ಟಿದ ದಿನವೇ ಒಂದರಲ್ಲಿ ಬಿತ್ತು ಅನ್ನುವವರು ನಾವು.

ಮತ್ತೆ ಮೈಗೆ ತೇಲುವ ಬುರುಡೆ ಕಟ್ಟಿಕೊಂಡವನು ಅನರ್ಹ ಎಂದು ಇನ್ನೊಂದು ನಿಯಮ. ಕೆರೆ ದೊಡ್ಡದು, ಬೆನ್ನಿಗೆ ಒಂದು ಸಣ್ಣ ಸೋರೆಬುರುಡೆ ಇದ್ದರೆ ಯಾರಿಗೇನು ನಷ್ಟ ಎಂದು ಕೇಳಿದ್ದಕ್ಕೆ ಪಾಲ್ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೊಳಕಾಲಿನ ಮೇಲೆ ನಿಲ್ಲುವ ಮೈಗಂಟಿದ ಚಡ್ಡಿ ಬೇಕು ಎಂದಿತ್ತು, ನಿಮ್ಮ ನೀಲಿ ವರ್ಕ್‌ಶಾಪ್ ಪಾಟಲೋಣಿನ ಒಂದು ಕಾಲು ಕತ್ತರಿಸಿ ಹೊಲಿದಿದ್ದೇನೆ. ಇನ್ನೊಂದು ಕಾಲು ಇದೆ, ಸಿಟ್ಟಾಗಬೇಡಿ. ಮುಖ್ಯ ನಿಯಮ ಇದು: ಒಂದು ಗುಂಪಿನಲ್ಲಿ ಆರು ಹುಡುಗರು. ಸೀಟಿ ಊದಿದ ಕೂಡಲೇ ಹಲಗೆಯ ಮೇಲಿಂದ ಜಿಗಿದು, ಆಚೆಯ ಪೀಪಾಯಿ ಮುಟ್ಟಿ ತಿರುಗಿ ಬರಬೇಕು. ಮೊದಲಿನ ಇಬ್ಬರು ನೇರ ಪುಣೆಗೆ. ಮೂರನೆಯವನಿಗೆ ಇನ್ನೊಂದು ಸಲ ಅವಕಾಶ, ಅಲ್ಲಿ ಎಲ್ಲ ಗುಂಪುಗಳ ಮೂರನೆಯವರು ಒಟ್ಟಿಗೆ ಜಿಗಿದು ಗಡಿಯಾರಕ್ಕೆ ಎದುರಾಗಿ ಈಜಬೇಕು, ಗೊತ್ತು ಮಾಡಿದ ವೇಳೆಯೊಳಗೆ ಬಂದರೆ ಅವನೂ ಪುಣೆಗೆ. ಸೀಟಿಗೆ ಮೊದಲು ಎರಡು ಸಲ ಜಿಗಿದವನು ಹೊರಗೆ. ತಡವಾಗಿ ಜಿಗಿದವನಿಗೆ ನಿಯಮದಲ್ಲಿ ಶಿಕ್ಷೆಯೂ ಇಲ್ಲ, ಕರುಣೆಯೂ ಇಲ್ಲ.

ಶನಿವಾರ ನಾನು ಸೂಸನ್‌ಳನ್ನು ಕಂಕುಳಲ್ಲಿಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಉಣಕಲ್ಲಿಗೆ ಹೋದೆ. ಮನೆಯಲ್ಲಿ ಕೂತಿದ್ದರೆ ಅವನು ಮುಳುಗಿದ ಎಂದು ಒಂದೇ ಸಮ ಕಿವಿಯಲ್ಲಿ ಕೇಳುತ್ತಿತ್ತು, ಅದಕ್ಕಿಂತ ಕಣ್ಣಾರೆ ನೋಡುವುದು ಮೇಲು. ನೀರಿನ ಮೇಲೆ ಉದ್ದಕ್ಕೆ ಹಗ್ಗಗಳನ್ನು ಕಟ್ಟಿ, ಒಬ್ಬೊಬ್ಬ ಹುಡುಗನಿಗೆ ಒಂದೊಂದು ಸಾಲು ಮಾಡಿದ್ದರು, ಹೊಲದಲ್ಲಿ ಬದು ಹಾಕಿದಂತೆ. ಏರಿಯ ಮೇಲೆಲ್ಲ ಜನ. ಧಾರವಾಡದ ದೊಡ್ಡ ಸಾಲಿಗಳ ಹುಡುಗರು ತುಪ್ಪ ತಿಂದ ಮೈಯವರು, ನಮ್ಮವನು ಅವರ ನಡುವೆ ಕೊಕ್ಕರೆಯಂತೆ ನಿಂತಿದ್ದ. ಸೀಟಿ ಊದಿದರು. ಐವರೂ ನೀರಿಗೆ ಬಿದ್ದರು. ಪಾಲ್ ಹಲಗೆಯ ಮೇಲೆಯೇ ನಿಂತಿದ್ದ.

ನಿಂತೇ ಇದ್ದ ನೋಡಿ. ಕೈ ಮುಂದೆ ಚಾಚಿದ್ದು ಚಾಚಿದಂತೆಯೇ, ಕತ್ತು ಬಗ್ಗಿಸಿ ನೀರು ನೋಡುತ್ತಿದ್ದ. ಏರಿಯ ಮೇಲಿನಿಂದ ಒಬ್ಬ, "ಏ ತಮ್ಮಾ, ನೀರು ಬೆಚ್ಚಗಾಗ್ಲಿ ಅಂತ ನಿಂತೀಯೇನು?" ಅಂದ. ಇನ್ನೊಬ್ಬ, "ಅವಂದು ಜಳಕ ಆಗೇತಿ ಬಿಡೋ," ಅಂದ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ಅವನು ಏನು ನೋಡುತ್ತಿದ್ದಾನೆ ಎಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ತಿಳಿದಿತ್ತು. ತಲೆ ನೋಡುತ್ತಿದ್ದ. ಮುಳುಗಿದ ಐದು ತಲೆಗಳೂ ಮೇಲೆ ಬಂದ ಮೇಲೆ ಜಿಗಿದ. ಆಮೇಲೆ ಅವನು ಈಜಿದ್ದನ್ನು ನೀವು ನೋಡಬೇಕಿತ್ತು ರೀ. ನಕ್ಕವರೇ ಎದ್ದು ನಿಂತರು. ಒಬ್ಬನನ್ನು ಹಿಂದೆ ಹಾಕಿದ, ಇನ್ನೊಬ್ಬನನ್ನು, ಮತ್ತೊಬ್ಬನನ್ನು. ಎರಡನೆಯವನ ಹೆಗಲ ಹತ್ತಿರ ಬರುವಾಗ ಹಲಗೆ ಬಂದುಬಿಟ್ಟಿತು. ಮೂರನೆಯವನಾದ.

ವೆಂಕಣ್ಣ ಮಾಸ್ತರರು ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದರು. "ಸೀಟಿ ಕೇಳಸಲಿಲ್ಲೇನಲೇ ನಿನಗ?" ಎಂದು ಕೂಗಿದರು. ಪಾಲ್ ಮೈಯಿಂದ ನೀರು ಸುರಿಸುತ್ತ, "ಕೇಳಸ್ತ್ರಿ. ಆದ್ರ ಯಾರೂ ತಲಿ ಬಂತು ಅನ್ನಲಿಲ್ಲಲ್ರಿ, ನಾ ಹೆಂಗ ಜಿಗೀಲಿ?" ಅಂದ. ಮಾಸ್ತರರು ಏನೂ ತಿಳಿಯದೆ ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದೆ. ನಿಮ್ಮ ತಮ್ಮ ಯಾಕೋಬ ಶರೀಫಸಾಬರ ತೋಟದ ಬಾವಿಯಲ್ಲಿ ಮುಳುಗು ಹಾಕಿದ್ದಾಗ, ಮೇಲಿನಿಂದ ಗೆಳೆಯನೊಬ್ಬ ನೋಡದೆ ಅವನ ಮೇಲೇ ಜಿಗಿದದ್ದು, ಯಾಕೋಬ ಮತ್ತೆ ಉಸಿರಾಡದ್ದು. ಅಂದಿನಿಂದ ಆ ಬಾವಿಯಲ್ಲಿ ನೀವು ಹಾಕಿದ ಕಟ್ಟಳೆ: ದಂಡೆಯ ಮೇಲೆ ಒಬ್ಬ ನಿಂತು ನೋಡಬೇಕು, ಮುಳುಗಿದವನ ತಲೆ ಕಂಡಾಗ ತಲಿ ಬಂತು ಎಂದು ಕೂಗಬೇಕು, ಆ ಕೂಗು ಕೇಳಿದ ಮೇಲೆಯೇ ಮುಂದಿನವನು ಜಿಗಿಯಬೇಕು. ಹಳೇ ಹುಬ್ಬಳ್ಳಿಯ ಯಾವ ಹುಡುಗನೂ ಇಷ್ಟು ವರ್ಷ ಅದನ್ನು ಮೀರಿಲ್ಲ. ಮೀರದ್ದರಿಂದಲೇ ಯಾರ ತಾಯಿಯೂ ಅತ್ತಿಲ್ಲ. ಮಾಸ್ತರರು ಟೊಪ್ಪಿಗೆಯ ಧೂಳು ಝಾಡಿಸಿದರು. ಆಮೇಲೆ ಮೆತ್ತಗೆ, "ಆದ್ರ ತಾಯಿ, ಇಲ್ಲೆ ಹಗ್ಗ ಅದಾವಲ್ರಿ. ಒಬ್ಬನ ನೀರಾಗ ಇನ್ನೊಬ್ಬ ಬರೂದಿಲ್ಲ. ಸೀಟಿಗೆ ಜಿಗದಿದ್ರ ಇವನಽ ಮೊದಲನೆಯವ," ಅಂದರು. ಮೂರನೆಯವರ ಮರುಪರೀಕ್ಷೆ ಬರುವ ಶನಿವಾರ ಬೆಳಿಗ್ಗೆ. ಗಡಿಯಾರ ಸೀಟಿಯಿಂದಲೇ ಓಡತೊಡಗುತ್ತದೆ, ತಲೆ ಕಾಣಲಿ ಎಂದು ಅದು ಕಾಯುವುದಿಲ್ಲ. ಅಲ್ಲಿಯೂ ಹೀಗೇ ನಿಂತರೆ ಪುಣೆ ಇಲ್ಲ. ಮುಂದಿನ ವರ್ಷ ಹದಿನಾಲ್ಕು ತುಂಬುತ್ತದೆ, ದೊಡ್ಡ ಹುಡುಗರ ಗುಂಪಿಗೆ ಬೀಳುತ್ತಾನೆ, ಅಲ್ಲಿ ಇವನ ಆಟ ನಡೆಯುವುದಿಲ್ಲ.

ನಿನ್ನೆ ಪ್ರಾರ್ಥನೆ ಮುಗಿಸಿ ಅವನನ್ನು ಶರೀಫಸಾಬರ ಬಾವಿಗೆ ಕರೆದುಕೊಂಡು ಹೋದೆ. ಅವರು ಬದನೆ ಗಿಡಕ್ಕೆ ನೀರು ಬಿಡುತ್ತಿದ್ದವರು ಸಲಿಕೆ ಒಗೆದು ಬಂದರು. ಎಲ್ಲ ಕೇಳಿ, ನೀರೆತ್ತುವ ಮೋಟಿನ ಹಗ್ಗ ಬಿಚ್ಚಿ ಬಾವಿಯ ನಡುವೆ ಅಡ್ಡ ಕಟ್ಟಿದರು. ಆಚೆ ಸಾಲು ಬೇರೆ, ಈಚೆ ಸಾಲು ಬೇರೆ. ಮಾಸ್ತರರಿಂದ ಕೇಳಿ ತಂದಿದ್ದ ಸೀಟಿಯನ್ನು ಅವರ ಕೈಗೆ ಕೊಟ್ಟೆ. ಪಾಲ್ ಒಬ್ಬನೇ ಇದ್ದಾಗ ಸೀಟಿಗೆ ಕಪ್ಪೆಯಂತೆ ಜಿಗಿದ. ಆಚೆಯ ಸಾಲಿಗೆ ಇನ್ನೊಬ್ಬ ಹುಡುಗನನ್ನು ಬಿಟ್ಟು ಸೀಟಿ ಊದಿದರೆ ಕಲ್ಲಾಗಿ ನಿಂತ. ಮತ್ತೆ ಊದಿದರು, ಮತ್ತೆ ನಿಂತ. ಕೊನೆಗೆ ಶರೀಫಸಾಬರು ತಾಳಲಾರದೆ, ಆ ಹುಡುಗ ಇನ್ನೂ ನೀರೊಳಗೆ ಇದ್ದಾಗಲೇ, "ತಲಿ ಬಂತು!" ಎಂದು ಕೂಗಿಬಿಟ್ಟರು. ಪಾಲ್ ನೀರು ನೋಡಿದ, ಅವರ ಮುಖ ನೋಡಿದ. "ಕಾಕಾ, ನೀವೂ ಸುಳ್ಳ ಕೂಗ್ತೀರಿ?" ಅಂದ. ಅಷ್ಟೇ ರೀ. ಆ ಮುದುಕರ ಕೈಯೊಳಗಿನ ಸೀಟಿ ಕೆಳಗೆ ಬಿತ್ತು. ಯಾಕೋಬನನ್ನು ಮೇಲೆ ಎತ್ತಿದ್ದು ಅವರೇ ಅಲ್ಲವೇ. "ಇಲ್ಲ ಬೇಟಾ, ಇನ್ನ ಕೂಗೂದಿಲ್ಲ," ಎಂದು ಹಗ್ಗ ಬಿಚ್ಚತೊಡಗಿದರು. ನನಗೆ, "ಹನ್ನಾಬಾಯಿ, ಈ ಮಾತು ಹಾಕಿದವ ನಿಮ್ಮ ಯಜಮಾನ ತಿಮೋತಿ. ಬಿಡಸೂದಾದ್ರೂ ಅವನಽ ಬಿಡಸಬೇಕು. ನಮ್ಮ ಕೈಯಾಗಿಲ್ಲ," ಅಂದರು.

ದಾರಿಯಲ್ಲಿ ನಾನೂ ಹೇಳಿ ನೋಡಿದೆ. ಮಗನೇ, ಅಲ್ಲಿ ಹಗ್ಗ ಇರುತ್ತದೆ, ನಿನ್ನ ಕೆಳಗೆ ಯಾರೂ ಇರುವುದಿಲ್ಲ ಎಂದೆ. "ಅಪ್ಪ ಹಗ್ಗದ ಮಾತು ಹೇಳಿಲ್ಲ," ಅಂದ. ನಾನು ನಿನ್ನ ತಾಯಿ ಹೇಳುತ್ತಿದ್ದೇನಲ್ಲ ಎಂದೆ. "ನೀ ಬುರುಡಿ ಕಟಗೊಂಡು ಹೋಗು ಅಂದಿದ್ದಿ," ಅಂದ.

ಇದನ್ನೆಲ್ಲ ನಿಮಗೆ ಸುಮ್ಮನೆ ತಿಳಿಸಿದೆ. ನೀವು ಏನಾದರೂ ಮಾಡಬೇಕು ಎಂದಲ್ಲ. ಯಾಕೋಬನ ಮಾತು ಬಂದರೆ ನೀವು ಎರಡು ದಿನ ಊಟ ಬಿಡುತ್ತೀರಿ, ಆ ಕಟ್ಟಳೆಯನ್ನು ಸಡಿಲು ಮಾಡಿ ಎಂದು ನಿಮ್ಮನ್ನು ಕೇಳುವ ಬಾಯಿ ನನಗಿಲ್ಲ. ಖರೆ ಹೇಳಬೇಕೆಂದರೆ ನನಗೇ ಒಂದು ನಿಲುವಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅವನು ಗೆಲ್ಲಲಿ ಅನ್ನಿಸುತ್ತದೆ, ರೊಟ್ಟಿ ತಿರುವಿ ಹಾಕುವಷ್ಟರಲ್ಲಿ, ಗೆಲ್ಲದಿದ್ದರೆ ಬೇಡ, ತಲೆ ನೋಡುವ ಹುಡುಗನಾಗಿಯೇ ಇರಲಿ ಅನ್ನಿಸುತ್ತದೆ. ಅವನು ಮಾತ್ರ ಯಾರಿಗೂ ಏನೂ ಅನ್ನದೆ, ಆ ನೀಲಿ ಚಡ್ಡಿಯನ್ನು ತಾನೇ ಒಗೆದು ಹಗ್ಗಕ್ಕೆ ಹಾಕಿ, ಒಣಗಿತೇ ಎಂದು ಮುಟ್ಟಿ ಮುಟ್ಟಿ ನೋಡುತ್ತಾನೆ. ಪುಣೆ ಎಷ್ಟು ದೂರ, ರೈಲು ಮಿರಜಿನಲ್ಲಿ ಬದಲಿಸಬೇಕೇ ಎಂದು ಕೇಳುತ್ತಾನೆ. ಕೇಳಿ, ಉತ್ತರ ಕೇಳದೆ ಹೊರಗೆ ಹೋಗುತ್ತಾನೆ.

ಶರೀಫಸಾಬರು ಸಲಾಮು ತಿಳಿಸಿದ್ದಾರೆ, ವೆಂಕಣ್ಣ ಮಾಸ್ತರರು ನಮಸ್ಕಾರ ತಿಳಿಸಿದ್ದಾರೆ. ಮಕ್ಕಳಿಬ್ಬರ ಮುತ್ತುಗಳು. ಕ್ರಿಸ್ಮಸಿಗೆ ರಜೆ ಸಿಗುವುದೋ ಇಲ್ಲವೋ ಈಗಲೇ ತಿಳಿಸಿದರೆ ಮನಸ್ಸಿಗೆ ನೆಮ್ಮದಿ. ಕೆಲಸದ ಹೊತ್ತಿನಲ್ಲಿ ನಮ್ಮ ಚಿಂತೆ ಮಾಡಬೇಡಿ, ಯಂತ್ರದ ಹತ್ತಿರ ಕೈ ಜೋಪಾನ. ಕಾಯುವಾತನು ತೂಕಡಿಸದೆ ನಿಮ್ಮನ್ನು ಕಾಯಲಿ.

ಇಂತಿ ನಿಮ್ಮ
ಹನ್ನಾ

ತಾ.ಕ. – ಟಪಾಲಿನ ವೇಳೆ ಆಯಿತು, ಅಂಟಿಸಿದ ಲಕ್ಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಕೇಳುವ ಬಾಯಿ ಇಲ್ಲ ಎಂದೆ, ಆದರೂ ಕೇಳುತ್ತೇನೆ. ಈ ಕಾಗದ ನಿಮಗೆ ಬುಧವಾರವೋ ಗುರುವಾರವೋ ಮುಟ್ಟುತ್ತದೆ, ನಿಮ್ಮ ಉತ್ತರ ಶನಿವಾರದೊಳಗೆ ಇಲ್ಲಿಗೆ ಬರುವುದಿಲ್ಲ. ಅದಕ್ಕೇ ಕೂಡಲೇ ತಂತಿ ಕಚೇರಿಗೆ ಹೋಗಿ ತಾರು ಕೊಡಿ. ಹಗ್ಗದ ಸಾಲಿನಲ್ಲಿ ಸೀಟಿಗೆ ಜಿಗಿ, ಇಷ್ಟೇ ಸಾಕು. ನೀವು ಅವನನ್ನು ಮೀನಪ್ಪ ಎಂದು ಕರೆಯುತ್ತೀರಲ್ಲ, ಆ ಹೆಸರು ಅದರಲ್ಲಿ ಇರಲಿ, ಇಲ್ಲದಿದ್ದರೆ ಮಾಸ್ತರರೇ ಬರೆಸಿದ್ದಾರೆ ಅನ್ನುತ್ತಾನೆ. ತಾರಿನವನನ್ನು ಕಂಡರೆ ಓಣಿಯವರು ಸಾವು ಎಂದು ಅಳಲು ಬರುತ್ತಾರೆ, ಎಲ್ಲರಿಗೂ ಇವತ್ತೇ ಹೇಳಿ ಇಡುತ್ತೇನೆ. ಆದರೆ ತಾರು ಕೊಟ್ಟ ದಿನವೇ ಒಂದು ಕಾಗದವನ್ನೂ ಹಾಕಿರಿ, ಬಾವಿಯಲ್ಲಿ ಹಳೆಯ ಮಾತೇ, ತಲೆ ಕಾಣದೆ ಜಿಗಿಯಬಾರದು ಎಂದು. ಮರೆಯಬೇಡಿ, ತಾರನ್ನು ಮರೆತರೂ ಈ ಕಾಗದ ಮರೆಯಬೇಡಿ. ಅದು ಸೋಮವಾರ ಬಂದರೂ ನಡೆದೀತು. ನಡುವೆ ಒಂದು ಭಾನುವಾರ ಇದೆ, ಹುಡುಗರೆಲ್ಲ ಬಾವಿಗೆ ಓಡುವ ದಿನ. ಅಂದು ಅವನು ಬಾವಿಗೆ ಹೋಗದಂತೆ ಚಡ್ಡಿಯನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ತಾಳಿಯ ಸರಕ್ಕೆ ಕಟ್ಟಿಕೊಂಡು, ಬಾಗಿಲಿನಲ್ಲೇ ಕೂತಿರುತ್ತೇನೆ.